ಮುದ್ದಣನು ತನ್ನ ಹೆಸರನ್ನು ಮರೆಸಿದುದೇಕೆ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಾಠ ಹೇಳುತ್ತಿದ್ದೆನು. ಕವಿಪರಿಚಯವನ್ನು ಮಾಡಿಕೊಡುವಾಗ, ಈತನು ತಾನು ಬರೆದ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯ ಗ್ರಂಥಗಳೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚುಮಾಡಿಸಿದನೆಂಬ ಸಂಗತಿಯನ್ನು, ಎಲ್ಲ ಉಪಾಧ್ಯಾಯರೂ ಹೇಳುವಂತೆ ನಾನೂ ಒಂದು ವಿನೋದವಾಗಿ ಹೇಳಿದೆನು. ಮಕ್ಕಳು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ನಗದೆ ಎದ್ದು ನಿಂತು, “ಸರ್, ತನ್ನ ಹೆಸರನ್ನೇ ಹಾಕಿ ಕಳುಹಿಸಿದ್ದರೆ ಅವರು ಅಚ್ಚುಹಾಕುತ್ತಿರಲಿಲ್ಲವೆ?” ಎಂದು ಕೇಳಿದಳು. ಕವಿಗೆ ವಿನಯವಿತ್ತಮ್ಮಾ, ಕೀರ್ತಿಯ ಆಸೆಯಿರಲಿಲ್ಲ, ಎಂದು ಹೇಳಿ ಅವಳನ್ನು ಕೂರಿಸಿದೆನು. ಅದು ಉತ್ತರವಲ್ಲವೆಂಬುದು ಅವಳ ಮುಖದಿಂದಲೇ ತಿಳಿಯುವಂತಿತ್ತು. ನನಗೂ ಅದು ಉತ್ತರವೆನಿಸಲಿಲ್ಲ. ಕೆಲಸದಿಂದ ನಿವೃತ್ತನಾಗಿ ಬಿಡುವು ದೊರೆತ ಈ ದಿನಗಳಲ್ಲಿ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿದ್ದೇನೆ. ವಾಚಕರು ಸಾವಧಾನದಿಂದ ಕೇಳಬೇಕೆಂದು ಪ್ರಾರ್ಥನೆ.

ಮುದ್ದಣನ ಜೀವನವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ವಿಸ್ತರಿಸುವಷ್ಟು ದೀರ್ಘವಾದ ಜೀವನವೂ ಅದಲ್ಲ. ಈಗಿನ ಉಡುಪಿ ಜಿಲ್ಲೆಯ ನಂದಳಿಕೆಯಲ್ಲಿ ೧೮೭೦ನೆಯ ಇಸವಿಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನೆಂಬ ಬಡ ಬ್ರಾಹ್ಮಣ ಹುಡುಗನು ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿಯನ್ನು ಪಡೆದು, ಉಡುಪಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಸರತ್ತು ಕಲಿಸುವ ಉಪಾಧ್ಯಾಯನಾದನು. ಪಂಡಿತನೆಂದು ಆತನಿಗೆ ಸಂಬಳ ಕೊಟ್ಟವರಿಲ್ಲ. ಹಗಲು ಮೈದಾನದಲ್ಲಿ, ರಾತ್ರಿ ದೀಪದ ಮುಂದೆ. ಮನೆಯ ಬಡತನದೊಡನೆ ಕ್ಷಯರೋಗವೂ ಸೇರಿಕೊಂಡು, ೧೯೦೧ನೆಯ ಇಸವಿಯ ಫೆಬ್ರವರಿಯಲ್ಲಿ, ಮೂವತ್ತೊಂದು ತುಂಬಿದ ಮರುತಿಂಗಳೇ ಆತನು ತೀರಿಕೊಂಡನು. ಅಷ್ಟರೊಳಗೆ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳೆಂಬ ಎರಡು ಯಕ್ಷಗಾನ ಪ್ರಸಂಗಗಳನ್ನೂ, ‘ಅದ್ಭುತ ರಾಮಾಯಣ’ವೆಂಬ ಗದ್ಯವನ್ನೂ, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮಪಟ್ಟಾಭಿಷೇಕ’ವನ್ನೂ, ಕೊನೆಗೆ ‘ಶ್ರೀರಾಮಾಶ್ವಮೇಧ’ವನ್ನೂ ಬರೆದು ಮುಗಿಸಿದ್ದನು. ಈ ಕಡೆಯ ಮೂರೂ ಮೈಸೂರಿನ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ಗಳೆಂಬ ಮಾಲೆಗಳ ಮೂಲಕ ಬೆಳಕಿಗೆ ಬಂದವು, ಮೊದಲನೆಯದು ೧೮೯೫ರಲ್ಲಿ, ಕೊನೆಯದು ಆ ಶತಮಾನವು ಮುಗಿಯುವ ಹೊತ್ತಿನಲ್ಲಿ.

ಈ ಮಾಲೆಗಳ ಸ್ವರೂಪವನ್ನು ತಿಳಿಯದೆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುವುದು ಸಾಧ್ಯವಿಲ್ಲ. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕಾವ್ಯಮಂಜರಿ’ಯನ್ನು ತೊಡಗಿಸಿದ್ದು ಹೊಸ ಕವಿಗಳಿಗಾಗಿ ಅಲ್ಲ. ಓಲೆಗರಿಗಳಲ್ಲಿ ಹುಳು ಹಿಡಿದು ಹೋಗುತ್ತಿದ್ದ ಪ್ರಾಚೀನ ಕಾವ್ಯಗಳನ್ನು ಪರಿಷ್ಕರಿಸಿ, ತಿಂಗಳು ತಿಂಗಳೂ ಭಾಗಭಾಗವಾಗಿ ಅಚ್ಚುಹಾಕಿ ಉಳಿಸಬೇಕೆಂಬುದು ಅವರ ವ್ರತವಾಗಿತ್ತು. ಅದು ಹಳೆಯದಕ್ಕೆ ಪಟ್ಟಾಭಿಷೇಕವಾಗುತ್ತಿದ್ದ ಕಾಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಕೂಟವನ್ನಿಟ್ಟಂದಿನಿಂದ ಕನ್ನಡದ ಹಳೆಯ ಗ್ರಂಥಗಳು ಒಂದೊಂದಾಗಿ ಹೊರಬಿದ್ದವು. ಕಿಟ್ಟೆಲರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿ ಪ್ರಕಟಿಸಿದರು, ಅವರ ಮಹಾನಿಘಂಟು ೧೮೯೪ರಲ್ಲಿ ಬಂದಿತು. ಅತ್ತ ರೈಸರು ೧೮೮೪ರಲ್ಲಿ ‘ಕರ್ಣಾಟಕ ಭಾಷಾಭೂಷಣ’ವನ್ನೂ, ೧೮೯೮ರಲ್ಲಿ ‘ಪಂಪಭಾರತ’ವನ್ನೂ ಅಚ್ಚುಮಾಡಿಸಿದರು. ಅದೇ ೧೮೯೮ರಲ್ಲಿ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಹೊರತಂದಾಗ ಕನ್ನಡದ ವಯಸ್ಸು ಸಾವಿರ ವರ್ಷಗಳನ್ನು ದಾಟಿದ್ದೆಂದು ಲೋಕಕ್ಕೆ ತಿಳಿಯಿತು. ಒಂದು ಭಾಷೆಯವರಿಗೆ ತಮ್ಮ ಪಿತ್ರಾರ್ಜಿತವು ಇಷ್ಟಿದೆಯೆಂದು ಥಟ್ಟನೆ ಗೊತ್ತಾದರೆ ಅವರು ಆ ಭಂಡಾರದ ಬಾಗಿಲಲ್ಲೇ ನಿಂತುಬಿಡುವುದು ಸಹಜ. ಅಂಗಳದಲ್ಲಿ ಯಾವನೋ ಕಸರತ್ತಿನ ಮೇಷ್ಟರು ಹೊಸದೊಂದು ಕಾವ್ಯವನ್ನು ಹಿಡಿದು ನಿಂತಿದ್ದಾನೆಂದರೆ ತಿರುಗಿ ನೋಡುವವರು ಯಾರು? ಸಂಪಾದಕರನ್ನು ನಾನು ದೂಷಿಸುತ್ತಿಲ್ಲ. ಅವರು ಅಂದು ಆ ಕೆಲಸವನ್ನು ಮಾಡದಿದ್ದರೆ ಇಂದು ನಮ್ಮಲ್ಲಿ ಎಷ್ಟೋ ಕವಿಗಳ ಹೆಸರೇ ಉಳಿಯುತ್ತಿರಲಿಲ್ಲ. ಆದರೆ ಅವರ ಬಾಗಿಲಿನ ಅಳತೆ ಹಾಗಿತ್ತು. ಒಳಗೆ ಹೋಗಬೇಕಾದವನು ಹಳಬನಾಗಿಯೇ ಹೋಗಬೇಕಾಗಿತ್ತು.

ಮುದ್ದಣನು ಹಳಬನಾದನು.

ಇದನ್ನು ವಿನಯವೆನ್ನುವವರಿಗೆ ನನ್ನದೊಂದು ಆಕ್ಷೇಪವುಂಟು. ಕನ್ನಡ ಕವಿಗಳಲ್ಲಿ ಹೆಸರನ್ನು ಮರೆಸುವ ಪದ್ಧತಿ ಎಂದಿದ್ದಿತು? ೯೪೧ರಲ್ಲಿ ಪಂಪನು ತನ್ನ ವಂಶವನ್ನೂ ತನ್ನ ಆಶ್ರಯದಾತನನ್ನೂ ತನ್ನ ಕಾವ್ಯಗಳ ಗುಣವನ್ನೂ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾನೆ. ರನ್ನನ ಆತ್ಮಪ್ರಶಂಸೆಯನ್ನು ಓದಿದವರಿಗೆ ವಿನಯವೆಂಬ ಶಬ್ದವು ಹತ್ತಿರ ಸುಳಿಯದು. ಅವರಿಗೆ ಅದು ಒಪ್ಪುತ್ತಿತ್ತು, ಏಕೆಂದರೆ ಗ್ರಂಥವನ್ನು ಲೋಕಕ್ಕೆ ಮುಟ್ಟಿಸುವ ಭಾರವನ್ನು ಹೊರುವವರು ಬೇರೆ ಇದ್ದರು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆಕೆಯ ಆಶ್ರಯದಲ್ಲಿಯೇ ರನ್ನನು ೯೯೩ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ್ದು. ಸಾವಿರ ಪ್ರತಿಗಳೆಂದರೆ ಎಷ್ಟು ಗರಿ, ಎಷ್ಟು ಕಂಠ, ಎಷ್ಟು ಜನ ಲಿಪಿಕಾರರ ಬಾಗಿದ ಬೆನ್ನು! ನಾನು ಪಾಠಶಾಲೆಯಲ್ಲಿದ್ದಾಗ ನಮ್ಮ ಗುರುಗಳು ಒಮ್ಮೆ ಕೈಯಲ್ಲಿ ಕಂಠವನ್ನು ಕೊಟ್ಟು ಒಣಗಿದ ಗರಿಯ ಮೇಲೆ ಒಂದೇ ಒಂದು ಶ್ಲೋಕವನ್ನು ಕೊರೆಯಿಸಿದ್ದರು. ಮೊದಲನೆಯ ಪಾದ ಮುಗಿಯುವುದರೊಳಗೆ ಗರಿ ಎರಡು ಕಡೆ ಸೀಳಿತ್ತು, ಬೆರಳಿನಲ್ಲಿ ಬೊಕ್ಕೆಯೆದ್ದಿತ್ತು. ಅಂದಿನಿಂದ ಆ ಸಾವಿರವೆಂಬ ಸಂಖ್ಯೆಯನ್ನು ನಾನು ಹಗುರವಾಗಿ ಉಚ್ಚರಿಸಿದ್ದಿಲ್ಲ. ಮುದ್ದಣನ ಕಾಲಕ್ಕೆ ಅತ್ತಿಮಬ್ಬೆಯರಿರಲಿಲ್ಲ. ಅಚ್ಚುಕೂಟವಿತ್ತು, ಅಂಚೆಯಿತ್ತು, ಚಂದಾದಾರರಿದ್ದರು. ಅವರಲ್ಲಿ ಯಾರಿಗೂ ಕವಿಯ ಪರಿಚಯವಿರಲಿಲ್ಲ.

ಹೊಸಬನ ಸಂಕಟವು ಹೊಸದಲ್ಲವೆನ್ನಿ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಇದೇ ವ್ಯಾಜ್ಯವು ನಡೆಯುತ್ತದೆ. ಭಾಸಾದಿಗಳ ನಾಟಕಗಳಿರುವಾಗ ಈಗಿನವನೊಬ್ಬನ ನಾಟಕಕ್ಕೇಕೆ ಇಷ್ಟು ಗೌರವವೆಂದು ಪಾರಿಪಾರ್ಶ್ವಕನು ಕೇಳುತ್ತಾನೆ; ಹಳತಾದ ಮಾತ್ರಕ್ಕೆ ಒಳ್ಳೆಯದಾಗದು, ವಿವೇಕಿಗಳು ಪರೀಕ್ಷಿಸಿ ನೋಡುತ್ತಾರೆ ಎಂಬ ಅರ್ಥದಲ್ಲಿ ಸೂತ್ರಧಾರನು ಅವನ ಬಾಯಿ ಮುಚ್ಚಿಸುತ್ತಾನೆ. ಭವಭೂತಿಗೆ ಅಷ್ಟು ಭರವಸೆಯಿರಲಿಲ್ಲ. ತನ್ನ ಸಮಾನಧರ್ಮನು ಮುಂದೆಂದೋ ಎಲ್ಲಿಯೋ ಹುಟ್ಟಿಯಾನೆಂದು ಆತನು ‘ಮಾಲತೀಮಾಧವ’ದಲ್ಲಿ ಕಾಲದ ಮೇಲೆ ಭಾರ ಹಾಕಿದನು. ಒಬ್ಬನು ಸಭೆಯನ್ನು ನಂಬಿದನು, ಇನ್ನೊಬ್ಬನು ಭವಿಷ್ಯವನ್ನು. ಮುದ್ದಣನು ಎರಡನ್ನೂ ನಂಬಲಿಲ್ಲ. ತನ್ನ ಕಾಲದ ಪಂಡಿತರು ಪರೀಕ್ಷಿಸಿ ನೋಡುವವರೆಂಬ ಧೈರ್ಯವೂ ಇಲ್ಲ, ಕಾದು ಕೂರಲು ಆಯುಸ್ಸೂ ಇಲ್ಲ. ಆದುದರಿಂದ ಆತನು ಹಿಂದಕ್ಕೆ ಹೋಗಿ ನಿಂತನು.

ಸಂಸ್ಕೃತದಲ್ಲಿ ಓದಿದ ನನ್ನಂಥವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವು ಕಾಣುತ್ತದೆ. ಮುದ್ದಣನು ಯಾವ ಮೂಲಗಳನ್ನು ಹಿಡಿದನೋ ಅವುಗಳ ಕರ್ತೃತ್ವವೇ ಮುಸುಕಿನಲ್ಲಿದೆ. ಸೀತೆಯೇ ಸಹಸ್ರಕಂಠನಾದ ರಾವಣನನ್ನು ಕೊಲ್ಲುವ ಸಂಸ್ಕೃತ ‘ಅದ್ಭುತ ರಾಮಾಯಣ’ವು ವಾಲ್ಮೀಕಿಯ ಹೆಸರಿನಲ್ಲಿ ನಡೆದುಬಂದಿದೆ, ಆದರೆ ಅದು ಆದಿಕವಿಯ ಕಾಲದ್ದಲ್ಲವೆಂದು ಅದರ ಭಾಷೆ, ಮತ, ಕಥೆಗಳೆಲ್ಲವೂ ಕೂಗಿ ಹೇಳುತ್ತವೆ. ಶೇಷನು ವಾತ್ಸ್ಯಾಯನನಿಗೆ ಹೇಳಿದ ಅಶ್ವಮೇಧದ ಕಥೆಯು ಪದ್ಮಪುರಾಣದ ಪಾತಾಳಖಂಡದಲ್ಲಿದೆ. ಪುರಾಣವೆಂದಮೇಲೆ ಅದು ವ್ಯಾಸರದು. ಇವುಗಳನ್ನು ನಿಜವಾಗಿ ಬರೆದ ಪುಣ್ಯಾತ್ಮರು ಯಾರು? ಅವರಿಗೂ ಮಡದಿ ಮಕ್ಕಳಿದ್ದಿರಬೇಕು, ಅವರೂ ಯಾವುದೋ ಊರಿನ ಬಡ ಬ್ರಾಹ್ಮಣರಾಗಿದ್ದಿರಬೇಕು. ತಮ್ಮ ಕೃತಿಯು ಬದುಕಲೆಂದು ಅವರು ತಮ್ಮನ್ನು ಅಳಿಸಿಕೊಂಡರು. ಹಾಗೆ ನೋಡಿದರೆ ನಂದಳಿಕೆಯ ಕವಿಯು ಸುಳ್ಳು ಹೇಳಿದನೆನ್ನುವುದಕ್ಕಿಂತ ಹಳೆಯದೊಂದು ಸಂಪ್ರದಾಯದ ಕೊನೆಯ ಮನುಷ್ಯನಾದನೆನ್ನುವುದು ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಆದರೂ ಪೂರ್ತಿಯಾಗಿ ಅಳಿಸಿಕೊಳ್ಳಲು ಆತನಿಗೆ ಮನಸ್ಸು ಬರಲಿಲ್ಲ. ಮುದ್ದಣನೆಂಬುದು ಚಿಕ್ಕಂದಿನಲ್ಲಿ ತಾಯಿ ಮುದ್ದಿನಿಂದ ಕರೆಯುತ್ತಿದ್ದ ಹೆಸರೆಂದು ಹೇಳುತ್ತಾರೆ. ಶಾಲೆಯ ಪಟ್ಟಿಯಲ್ಲಿದ್ದ ಹೆಸರನ್ನು ಬಚ್ಚಿಟ್ಟು, ಮನೆಯೊಳಗಿನ ಹೆಸರನ್ನು ಬಯಲಿನಲ್ಲಿಟ್ಟನು. ಊರೆಲ್ಲ ನೋಡಿದರೂ ಗುರುತು ಹಿಡಿಯುವವಳು ತಾಯಿಯೊಬ್ಬಳೇ!

ಇನ್ನು ಮನೋರಮೆಯ ವಿಚಾರ. ನನ್ನ ಮುಖ್ಯ ಮಾತೆಲ್ಲವೂ ಇರುವುದು ಇಲ್ಲಿಯೇ.

‘ಶ್ರೀರಾಮಾಶ್ವಮೇಧ’ದ ಕಥೆಯನ್ನು ಮರೆತವರುಂಟು; ಅದರಲ್ಲಿ ಕಥೆ ಹೇಳುವವನೂ ಕೇಳುವವಳೂ ಆಡಿಕೊಳ್ಳುವ ಮಾತನ್ನು ಮರೆತವರಿಲ್ಲ. ಮಳೆಗಾಲದ ಒಂದು ದಿನ ಕಥೆಯೊಂದನ್ನು ಹೇಳೆಂದು ಮಡದಿಯು ಗಂಡನನ್ನು ಕೇಳುತ್ತಾಳೆ. ಯಾವ ಕಥೆಯೆಂಬ ಚರ್ಚೆಯಾಗುತ್ತದೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲಿಯೋ ಎಂಬ ಪ್ರಶ್ನೆ ಬರುತ್ತದೆ, ಗದ್ಯವೇ ಗೆಲ್ಲುತ್ತದೆ. ಕವಿಯು ಸಂಸ್ಕೃತದ ಸಮಾಸಗಳನ್ನು ಹೆಣೆದು ಗಂಭೀರವಾಗಿ ತೊಡಗಿದ ಕೂಡಲೇ ಅವಳು ತಡೆದು, ಇದೇನು ಭಾಷೆ, ನನಗೆ ತಿಳಿಯುವಂತೆ ಹೇಳಬಾರದೆ ಎಂದು ಆಕ್ಷೇಪಿಸುತ್ತಾಳೆ. ಕವಿಯು ಸಮರ್ಥಿಸಿಕೊಳ್ಳುತ್ತಾನೆ, ಸೋಲುತ್ತಾನೆ, ಅಚ್ಚಗನ್ನಡದ ದಾರಿಗೆ ಇಳಿಯುತ್ತಾನೆ. ಇದನ್ನು ನಾವು ಶೃಂಗಾರವೆಂದೂ ಹಾಸ್ಯವೆಂದೂ ಪಾಠ ಹೇಳಿದ್ದೇವೆ. ಅದು ನಿಜವೇ. ಆದರೆ ಬರೆವಣಿಗೆಯನ್ನೂ ಓದುವಿಕೆಯನ್ನೂ ಕುರಿತು ಕನ್ನಡದ ಗ್ರಂಥಕರ್ತನೊಬ್ಬನು ತನ್ನ ಗ್ರಂಥದೊಳಗೇ ಕೂತು ಇಷ್ಟು ಸ್ಪಷ್ಟವಾಗಿ ಆಲೋಚಿಸಿದ ಸ್ಥಳವು ಅದಕ್ಕೂ ಹಿಂದೆ ನನಗೆ ಸಿಕ್ಕಿಲ್ಲ. ಲಕ್ಷಣಗ್ರಂಥಗಳಲ್ಲಿ ಕಾವ್ಯವು ಹೇಗಿರಬೇಕೆಂಬ ವಿಧಿಯುಂಟು; ಕೇಳುವವಳಿಗೆ ಅರ್ಥವಾಯಿತೇ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಯಾಕೆ ವಿಚಾರಿಸಲಿಲ್ಲವೆಂದರೆ, ವಿಚಾರಿಸಬೇಕಾದ ಅವಶ್ಯಕತೆಯಿರಲಿಲ್ಲ. ಹಿಂದೆ ಕಾವ್ಯವನ್ನು ಒಬ್ಬನೇ ಕೂತು ಓದುವವರು ವಿರಳ. ಜಗಲಿಯಲ್ಲಿ ಗಮಕಿಯು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ವಾಚಿಸುತ್ತಾನೆ. ಪಕ್ಕದಲ್ಲಿ ಇನ್ನೊಬ್ಬನು ಪದ್ಯಪದ್ಯಕ್ಕೂ ಅರ್ಥ ಬಿಡಿಸುತ್ತಾನೆ. ಸಮಾಸವು ಎಷ್ಟುದ್ದವಿದ್ದರೇನು, ರಾಗದ ಮೇಲೆ ತೇಲಿಬರುತ್ತದೆ, ವ್ಯಾಖ್ಯಾನದಲ್ಲಿ ಕರಗುತ್ತದೆ. ಮುದ್ದಣನ ನಾಡಿನಲ್ಲಂತೂ ಯಕ್ಷಗಾನವಿತ್ತು. ಭಾಗವತನು ಪದ ಹೇಳಿದಮೇಲೆ ಅರ್ಥಧಾರಿಯು ಅದನ್ನೇ ಆಡುಮಾತಿನ ಗದ್ಯದಲ್ಲಿ ಹಿಗ್ಗಿಸಿ, ಎದುರಿನವನೊಡನೆ ವಾದ ಹೂಡಿ ರಂಗದಲ್ಲಿ ನಿಲ್ಲಿಸುತ್ತಾನೆ. ಪ್ರಸಂಗಗಳನ್ನು ಬರೆದಿದ್ದ ಕವಿಗೆ ಗದ್ಯದ ರುಚಿಯೂ ಸಂವಾದದ ರುಚಿಯೂ ಹತ್ತಿದ್ದು ಆ ಚೌಕಿಯಲ್ಲಿಯೇ ಇರಬೇಕೆಂದು ನನ್ನ ಊಹೆ. ಚಾವುಂಡರಾಯನಿಂದ ೧೮೨೩ರ ಕೆಂಪುನಾರಾಯಣನ ‘ಮುದ್ರಾಮಂಜೂಷ’ದವರೆಗೆ ಗದ್ಯಗ್ರಂಥಗಳು ನಮ್ಮಲ್ಲಿ ಬೆರಳೆಣಿಕೆಗೆ ಸಿಗುವಷ್ಟೇ ಇದ್ದುವು, ಅವುಗಳಲ್ಲಿ ಯಾವುದೂ ಗಂಡಹೆಂಡಿರ ಸರಸದ ಮಾತಿನಿಂದ ನಡೆಯುವಂಥದಲ್ಲ.

ಅಚ್ಚಿನ ಪುಸ್ತಕವು ಮನೆಗೆ ಬಂದಾಗ ಅದರ ಜತೆಯಲ್ಲಿ ಗಮಕಿಯು ಬರಲಿಲ್ಲ, ಅರ್ಥಧಾರಿಯೂ ಬರಲಿಲ್ಲ. ಓದುವವನು ಅದರ ಮುಂದೆ ಒಬ್ಬನೇ. ತಿಳಿಯದ ಕಡೆಯಲ್ಲಿ ಕೇಳೋಣವೆಂದರೆ ಬರೆದವನು ಉಡುಪಿಯಲ್ಲಿದ್ದಾನೋ, ಸತ್ತು ಐನೂರು ವರ್ಷವಾಗಿದೆಯೋ ಗೊತ್ತಿಲ್ಲ. ಆ ಒಂಟಿ ಓದುಗನೇ ಮನೋರಮೆ. ಎಲ್ಲಿ ಪುಸ್ತಕವನ್ನು ಮುಚ್ಚಿ ಏಳುತ್ತಾನೋ ಅಲ್ಲಿಯೇ ಅವಳು ಬಾಯಿ ಹಾಕುತ್ತಾಳೆ. ಎಲ್ಲಿ ಆಕಳಿಕೆ ಬರುವುದೋ ಅಲ್ಲಿ ಅವಳು ಗೇಲಿ ಮಾಡುತ್ತಾಳೆ. ಈ ಕವಿಯು ಓಲೆಗರಿಯ ವೇಷ ಹಾಕಿ, ಹಳಗನ್ನಡದ ವಿಭಕ್ತಿಗಳನ್ನು ತೊಡಿಸಿ, ಮೈಸೂರಿನ ಘನವಿದ್ವಾಂಸರನ್ನೂ ನಂಬಿಸಿದನಲ್ಲವೆ? ಆದರೆ ಮನೋರಮೆಯನ್ನು ಕೂಡಿಸಿದೊಡನೆ ಆ ವೇಷವು ಕಳಚಿಬಿತ್ತು. ಹಾಗೆ ಕೇಳುವ ಹೆಂಗಸು ಹಳೆಯ ಗ್ರಂಥದಲ್ಲಿ ಇರಲು ಸಾಧ್ಯವೇ ಇಲ್ಲ. ಅವಳು ಅಚ್ಚಿನ ಯುಗದವಳು. ತನ್ನ ಹೆಸರನ್ನು ಬಚ್ಚಿಟ್ಟವನಿಗೆ ತನ್ನ ಓದುಗನನ್ನು ಬಚ್ಚಿಡಲಾಗಲಿಲ್ಲ. ವ್ಯಾಕರಣವನ್ನು ತೂಗಿ ನೋಡಿದ ಪಂಡಿತರು ಆ ಹೆಂಗಸಿನ ದನಿಯನ್ನು ಕೇಳಿಸಿಕೊಂಡಿದ್ದರೆ ಅಂದೇ ಗುಟ್ಟು ರಟ್ಟಾಗಬಹುದಿತ್ತು. ರಟ್ಟಾದದ್ದು ಆತನು ಲೋಕಾಂತರಿತನಾದ ಮೇಲೆ, ಬಲ್ಲ ಗೆಳೆಯರ ಬಾಯಿಂದ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳುವುದಕ್ಕೆ ವಾಚಕರ ಅಪ್ಪಣೆ ಬೇಡುತ್ತೇನೆ. ನಾನೂ ಒಂದು ಕಾವ್ಯವನ್ನು ಬರೆದಿದ್ದೇನೆ. ಅಹಲ್ಯೆಯ ಕಥೆ, ವಾರ್ಧಕ ಷಟ್ಪದಿ, ಹನ್ನೆರಡು ವರ್ಷಗಳ ರಜಾದಿನಗಳೆಲ್ಲವೂ ಅದಕ್ಕೆ ಆಹುತಿಯಾದುವು. ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ ಅದನ್ನು ಒಬ್ಬ ಪ್ರಕಾಶಕರಿಗೆ ಕಳುಹಿಸಿದೆನು. ಮೂರು ತಿಂಗಳ ತರುವಾಯ ಹಸ್ತಪ್ರತಿಯು ಮರಳಿ ಬಂದಿತು. ಜತೆಯಲ್ಲಿದ್ದ ಚೀಟಿಯಲ್ಲಿ ಬರೆದಿದ್ದುದರ ಸಾರಾಂಶವಿಷ್ಟು: ಪದ್ಯಗಳು ಪ್ರೌಢವಾಗಿವೆ, ಹಳೆಯ ಕಾವ್ಯವಾಗಿದ್ದರೆ ಪಠ್ಯಕ್ಕಾದರೂ ಉಪಯೋಗವಾಗುತ್ತಿತ್ತು, ಈಗ ಬರೆದದ್ದೆಂದ ಮೇಲೆ ಕೊಳ್ಳುವವರಿಲ್ಲ. ಆ ಮಹನೀಯರು ಸುಳ್ಳನ್ನೇನೂ ಬರೆದಿರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ಅಜ್ಜನವರ ಕಾಲದ ಓಲೆಯ ಕಟ್ಟುಗಳು ಎರಡಿವೆ. ಒಂದು ಪಂಚಾಂಗ, ಇನ್ನೊಂದು ಪ್ರಯೋಗದ ಪುಸ್ತಕ, ಕಾವ್ಯವೇನೂ ಇಲ್ಲ. ಆದರೆ ಅದು ಬೇರೆ ಯಾರಿಗೆ ಗೊತ್ತು? ಇಂಥದೊಂದು ಕಟ್ಟಿನಿಂದ ಪ್ರತಿಮಾಡಿದ ಅಜ್ಞಾತಕವಿಯ ಕಾವ್ಯವಿದೆಂದು ಬೇರೊಬ್ಬರಿಗೆ ಕಾಗದ ಬರೆಯಲು ಕೂತೆನು. ಅರ್ಧ ಪುಟ ಬರೆದೆನು. ನೀತಿಯ ಭಯದಿಂದ ನಿಲ್ಲಿಸಿದೆನೆಂದು ಹೇಳಿದರೆ ಅದು ಸತ್ಯವಾಗದು. ನಿಲ್ಲಿಸಿದ್ದು ಬೇರೆ ಕಾರಣದಿಂದ. ಕಾವ್ಯವು ಅಚ್ಚಾಗಿ ಬಂದು, ಯಾರಾದರೊಬ್ಬರು ನಾಲ್ಕನೆಯ ಸಂಧಿಯ ಆಶ್ರಮವರ್ಣನೆಯು ಚೆನ್ನಾಗಿದೆಯೆಂದರೆ, ಅಲ್ಲಿ ಕೂತು ಕೇಳುತ್ತಿರುವ ನಾನು ಬಾಯಿ ತೆರೆಯುವಂತಿಲ್ಲ. ತಪ್ಪಿದೆಯೆಂದರೆ ತಿದ್ದುವಂತೆಯೂ ಇಲ್ಲ. ಅಜ್ಞಾತಕವಿಯ ತಪ್ಪನ್ನು ತಿದ್ದಲು ನಾನು ಯಾರು? ಆಗ ಮುದ್ದಣನ ನೆನಪಾಯಿತು. ‘ಅದ್ಭುತ ರಾಮಾಯಣ’ವು ಅಚ್ಚಾದ ೧೮೯೫ರಿಂದ ಸಾಯುವವರೆಗಿನ ಆರು ವರ್ಷಗಳ ಕಾಲ ಆತನು ಉಡುಪಿಯಲ್ಲಿ ಹೀಗೆಯೇ ಇದ್ದನಲ್ಲ! ತನ್ನ ಗ್ರಂಥವನ್ನು ಬಲ್ಲವರು ಹೊಗಳುತ್ತಿದ್ದರೆ, ಹೌದೇನು, ಚೆನ್ನಾಗಿದೆಯೇನು ಎಂದು ಪರರಂತೆ ಕೇಳಿಕೊಂಡು, ಮರುದಿನ ಬೆಳಗ್ಗೆ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದನಲ್ಲ! ಬಡತನವನ್ನೂ ಕೆಮ್ಮನ್ನೂ ಸಹಿಸಿದ್ದಕ್ಕಿಂತ ಇದನ್ನು ಸಹಿಸಿದ್ದು ದೊಡ್ಡದೆಂದು ನನಗೆ ಅನ್ನಿಸಿತು. ಆ ಅರ್ಧ ಪುಟವನ್ನು ಹರಿದು ಹಾಕಿದೆನು.

ಹುಡುಗಿಯ ಪ್ರಶ್ನೆಗೆ ಈಗ ನಾನು ವಿನಯವೆಂದು ಉತ್ತರ ಕೊಡಲಾರೆ. ಹೆಸರು ಹಾಕಿದ್ದರೆ ಅಚ್ಚುಹಾಕುತ್ತಿರಲಿಲ್ಲವಮ್ಮಾ ಎಂದೇ ಹೇಳಬೇಕಾಗುತ್ತದೆ. ಹಾಕಿದ್ದರೂ, ಕಸರತ್ತಿನ ಮೇಷ್ಟರ ಹಳಗನ್ನಡವೆಂದು ಮೊದಲು ನಕ್ಕು ಆಮೇಲೆ ಓದುತ್ತಿದ್ದರು. ನಕ್ಕಮೇಲೆ ಓದುವುದು ಓದಾಗುವುದಿಲ್ಲ. ತನ್ನನ್ನು ಅಳೆಯುವ ಮುನ್ನ ತನ್ನ ಪುಸ್ತಕವನ್ನು ಓದಲಿ ಎಂಬ ಒಂದೇ ಆಸೆಗಾಗಿ ಆತನು ಕೊಟ್ಟ ಬೆಲೆ ಅದು. ಕೀರ್ತಿಯ ಆಸೆಯಿರಲಿಲ್ಲವೆಂದು ನಾನು ಹೇಳಿದ್ದು ತಪ್ಪು. ಇದ್ದೇ ಇತ್ತು, ಇಲ್ಲದವನು ತಾಯಿ ಕರೆದ ಹೆಸರನ್ನು ಪುಸ್ತಕದೊಳಗೆ ಇಟ್ಟು ಹೋಗುತ್ತಿರಲಿಲ್ಲ. ಆ ಹುಡುಗಿಯು ಈಗ ಎಲ್ಲಿದ್ದಾಳೋ, ಈ ಪತ್ರಿಕೆಯು ಅವಳ ಕಣ್ಣಿಗೆ ಬೀಳುವುದೋ ಇಲ್ಲವೋ.

ಈ ಮಳೆಗಾಲದಲ್ಲಿ ಪೆಟ್ಟಿಗೆಯಿಂದ ಅಹಲ್ಯೆಯನ್ನು ಮತ್ತೆ ಹೊರಕ್ಕೆ ತೆಗೆದಿದ್ದೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದನ್ನು ನನ್ನ ಮನೆಯವಳಿಗೆ ಓದಿ ಹೇಳಿರಲಿಲ್ಲ. ಅವಳಿಗೆ ಸಂಸ್ಕೃತ ಬಾರದೆಂಬ ನೆವ. ಮೊನ್ನೆ ಸಂಜೆ ಓದಿದೆನು. ಮೂರು ಪದ್ಯಗಳನ್ನು ಸುಮ್ಮನೆ ಕೇಳಿದಳು. ನಾಲ್ಕನೆಯದರಲ್ಲಿ ಹೂ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸಿ, “ಅಷ್ಟುದ್ದದ ಪದವನ್ನು ಒಂದೇ ಉಸಿರಿನಲ್ಲಿ ಹೇಳಿದಿರಿ, ಅಷ್ಟರಲ್ಲಿ ಅವಳು ಕಲ್ಲಾದಳೋ, ಇನ್ನೂ ಇಲ್ಲವೋ?” ಎಂದು ಕೇಳಿದಳು. ಕಲ್ಲಾಗುವುದು ಇನ್ನೂ ಎರಡು ಸಂಧಿಗಳ ಆಚೆಗೆ. ಆ ಸಮಾಸವನ್ನು ಈಗ ಬಿಡಿಸಿ ಬರೆಯುತ್ತಿದ್ದೇನೆ.